ಒಳ್ಳೆಯ ಮೊಬೈಲ್ ಇರುವಾಗ ಹಳೆಯ ರಿಕೋ ಜಿಆರ್ ಏಕೆ?

ಕೈಯಲ್ಲಿ ಒಳ್ಳೆಯ ಮೊಬೈಲ್ ಇದ್ದರೂ 2013ರ ರಿಕೋ ಜಿಆರ್‌ನಂಥ ಪುಟ್ಟ ಕ್ಯಾಮೆರಾವನ್ನು ಜನ ಇನ್ನೂ ಏಕೆ ಹುಡುಕುತ್ತಾರೆ, ಈಗ ಬಳಸಿದ್ದನ್ನು ಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನಿರುವುದು ಮುಂಬಯಿಯ ಮಾಟುಂಗಾದಲ್ಲಿ. ನನ್ನ ಜೇಬಿನಲ್ಲಿರುವುದೂ ಅದೇ ಕ್ಯಾಮೆರಾ.

ಎಲ್ಲರೂ ಮೊದಲು ಹೊಗಳುವುದು ಸೆನ್ಸರನ್ನು, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಬಿಲ್ಲೆಯನ್ನು. ಡಿಎಸ್‌ಎಲ್‌ಆರ್‌ಗಳಲ್ಲಿ ಇರುವಂಥ ಎಪಿಎಸ್-ಸಿ ಎಂಬ ದೊಡ್ಡ ಗಾತ್ರದ 16 ಮೆಗಾಪಿಕ್ಸೆಲ್ ಸೆನ್ಸರನ್ನು ಕಾಲು ಕಿಲೋ ಕೂಡ ತೂಗದ ಡಬ್ಬಿಯೊಳಗೆ ಕೂರಿಸಿದ್ದು ಸಣ್ಣ ಮಾತಲ್ಲ, ಒಪ್ಪಿದೆ. ಆದರೆ ನಾನು ಇದನ್ನು ಬಿಡದಿರುವುದು, ಮೊದಲೇ ಗೊತ್ತುಮಾಡಿಟ್ಟ ದೂರಕ್ಕೆ ನೇರವಾಗಿ ಫೋಕಸ್ ಮಾಡುವ ಸ್ನ್ಯಾಪ್ ಫೋಕಸ್‌ಗಾಗಿ.

ಬೆಳಗಿನ ಜಾವ ದಾದರ್ ಸೇತುವೆಯ ಕೆಳಗಿನ ಹೂವಿನ ಮಾರುಕಟ್ಟೆಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ: ಅಲ್ಲಿ ನಿಲ್ಲುವುದಕ್ಕೂ ಜಾಗವಿಲ್ಲ. ತಲೆಯ ಮೇಲೆ ಚೆಂಡುಹೂವಿನ ಮೂಟೆ ಹೊತ್ತ ಹಮಾಲ 'ಬಾಜೂ, ಬಾಜೂ' ಎನ್ನುತ್ತ ನುಗ್ಗಿ ಬರುತ್ತಾನೆ. ಮೊಬೈಲ್ ತೆಗೆದು, ಪರದೆ ಒತ್ತಿ, ಫೋಕಸ್ ಆಗುವಷ್ಟರಲ್ಲಿ ಕಾಣುವುದು ಅವನ ಬೆನ್ನು. ಜಿಆರ್‌ನಲ್ಲಿ ದೂರವನ್ನು ಮೊದಲೇ 2 ಮೀಟರಿಗೆ, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು) ಎಫ್/8ಕ್ಕೆ ಇಟ್ಟಿರುತ್ತೇನೆ. ಶಟರ್ ಗುಂಡಿಯನ್ನು ಅರ್ಧಕ್ಕೆ ನಿಲ್ಲಿಸದೆ ಒಂದೇ ಸಲಕ್ಕೆ ಒತ್ತಿದರೆ ಅದು ಆಟೋಫೋಕಸ್‌ನ ಗೊಡವೆಗೇ ಹೋಗುವುದಿಲ್ಲ. ಲೆನ್ಸ್ ಅಗಲವಾದದ್ದಾದ್ದರಿಂದ (ಫಿಲ್ಮಿನ ಲೆಕ್ಕದಲ್ಲಿ 28 ಮಿ.ಮೀ.) ಸುಮಾರು ಒಂದು ಮೀಟರಿನಿಂದ ಹಿಡಿದು ಬೀದಿಯ ಆ ತುದಿಯವರೆಗೂ ಚಿತ್ರ ಸ್ಪಷ್ಟವಾಗಿರುತ್ತದೆ. ಹೆಬ್ಬೆರಳು, ತೋರುಬೆರಳಿನಲ್ಲೇ ಎಲ್ಲ ಕೆಲಸ ಮುಗಿಯುವುದರಿಂದ ಇನ್ನೊಂದು ಕೈ ಸಂತೆಚೀಲಕ್ಕೆ ಬಿಡುವು.

ಇನ್ನೊಂದು ಸಂಗತಿ, ಇದು ನನ್ನ ಹಟವೂ ಇರಬಹುದು. ಮೊಬೈಲ್ ಹಲವು ಚಿತ್ರಗಳನ್ನು ಬೆಸೆದು ನೆರಳನ್ನೆಲ್ಲ ಬೆಳಗಿಸಿಬಿಡುತ್ತದೆ; ಸೇತುವೆಯ ಕೆಳಗಿನ ಕತ್ತಲೆ ಹೋಗಿ ಮಾರುಕಟ್ಟೆ ಮದುವೆಮನೆಯಂತೆ ಕಾಣುತ್ತದೆ. ಜಿಆರ್ ಕಪ್ಪನ್ನು ಕಪ್ಪಾಗಿಯೇ ಬಿಡುತ್ತದೆ. ಬಲ್ಬಿನ ಕೆಳಗಿನ ಹಳದಿ ಹೂವಿಗೆ ಆಗಲೇ ಬೆಲೆ.

ಜೂಮ್ ಇಲ್ಲ. ಮಾಟುಂಗಾ ಸ್ಟೇಷನ್ ಬಳಿ ಮಲ್ಲಿಗೆ ಕಟ್ಟುವವರ ಬೆರಳು, ದಾರದ ಗಂಟು ಬೇಕೆಂದರೆ ಹತ್ತಿರ ಹೋಗಿ, ಮೊಳಕ್ಕೆಷ್ಟಮ್ಮ ಎಂದು ಕೇಳಿ, ಹೂ ಕೊಂಡು, ಆಮೇಲೆ ಫೋಟೋ. ಶಟರ್ ಸದ್ದೂ ಅತ್ಯಲ್ಪ.

1996ರ ಜಿಆರ್1 ಫಿಲ್ಮ್ ಕ್ಯಾಮೆರಾ, 2005ರ ಮೊದಲ ಡಿಜಿಟಲ್ ಜಿಆರ್, ಇದು, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಮೈಕಟ್ಟು. ಜಪಾನಿನ ಛಾಯಾಗ್ರಾಹಕ ದೈದೋ ಮೊರಿಯಾಮಾ ಬೀದಿಗಳಲ್ಲಿ ಈ ಸರಣಿಯ ಕ್ಯಾಮೆರಾಗಳನ್ನೇ ಹಿಡಿದು ಅಲೆದವರು.

ಕುಂದುಗಳೂ ಇವೆ. ಮಂದ ಬೆಳಕಿನಲ್ಲಿ ಆಟೋಫೋಕಸ್ ತಡಕಾಡುತ್ತದೆ, ವಿಡಿಯೋ ಲೆಕ್ಕಕ್ಕಿಲ್ಲ, ಮಳೆಯಿಂದ ರಕ್ಷಣೆಯಿಲ್ಲ. ಜೂನ್ ಬಂತೆಂದರೆ ನನ್ನದು ಪ್ಲಾಸ್ಟಿಕ್ ಚೀಲ ಸೇರುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ದೂರದಿಂದ ಮಗುವಿನ ಫೋಟೋ ತೆಗೆಯಲು ಬೇಕಿದ್ದರೆ ಇದು ಬೇಡವೇ ಬೇಡ.

2019ರ ಜಿಆರ್ 3ರಲ್ಲಿ 24 ಮೆಗಾಪಿಕ್ಸೆಲ್, ಕೈನಡುಕ ತಡೆಯುವ ವ್ಯವಸ್ಥೆ ಎರಡೂ ಇವೆ. ಆದರೆ ಹಳೆಯದರಲ್ಲಿದ್ದ ಪುಟ್ಟ ಫ್ಲ್ಯಾಶ್ ಇಲ್ಲ. ನನಗೆ ಆ ಫ್ಲ್ಯಾಶ್ ಬೇಕು. ಬಳಸಿದ್ದನ್ನು ಕೊಳ್ಳುವುದಾದರೆ ಅಂಗಡಿಯಲ್ಲೇ ಕ್ಯಾಮೆರಾವನ್ನು ಆಫ್-ಆನ್ ಮಾಡಿ ಲೆನ್ಸ್ ಸಲೀಸಾಗಿ ಹೊರಬರುತ್ತದೆಯೇ ನೋಡಿ. ಎಫ್/16ರಲ್ಲಿ ಖಾಲಿ ಆಕಾಶದ ಒಂದು ಫೋಟೋ ತೆಗೆದು ಹಿಗ್ಗಿಸಿ. ಬೂದು ಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ಧೂಳು ಕೂತಿದೆ ಎಂದರ್ಥ. ಲೆನ್ಸ್ ಕಳಚಲಾಗದ್ದರಿಂದ ಅದನ್ನು ನೀವೇ ಒರೆಸಲಾಗದು. ಶುಚಿ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ, ಇಲ್ಲವೇ ಬೇರೆಯದನ್ನು ನೋಡಿ.