ಹೊಲದ ಬದುವಿನ ಬೇವಿನ ಗಿಡಗಳು ತುದಿಯಿಂದ ಒಣಗುತ್ತಿವೆ. ಕಡಿಸಿಬಿಡಬೇಕಾ?

ಕಡಿಸಬೇಡಿ. ಯುಗಾದಿ ತನಕ ತಡೆಯಿರಿ, ಆಮೇಲೆ ಬೇಕಾದರೆ ಮಾತಾಡೋಣ.

ಇಂಡಿ ತಾಲೂಕಿನವರು ಅಂತ ಬರೆದಿದ್ದೀರಿ. ದೀಪಾವಳಿ ಹೊತ್ತಿಗೆ ಬದುವಿನ ಬೇವಿನ ಗಿಡಗಳ ತುದಿ ಟೊಂಗೆಗಳೆಲ್ಲ ಬೆಂಕಿ ತಾಗಿದ ಹಾಗೆ ಕಂದಾಗಿವೆ, ಬುಡ ಮಾತ್ರ ಗಟ್ಟಿ ಇದೆ, ಊರವರು "ರೋಗ ಬಂದೈತಿ, ಕಡದು ಕಟ್ಟಿಗಿ ಮಾರ್ರಿ" ಅಂತಿದ್ದಾರೆ, ಔಷಧ ಅಂಗಡಿಯವರು ಮೂರು ಡಬ್ಬಿ ಬರೆದುಕೊಟ್ಟಿದ್ದಾರೆ. ನಮ್ಮ ಹೊಲ ಮುಧೋಳ ಕಡೆ. ಇಲ್ಲೂ ಇದೇ ನೋಟ, ಇದೇ ಮಾತು. ಒಳ್ಳೆ ಗಿಡಗಳು ಸುಮ್ನೆ ಕೊಡಲಿಗೆ ಹೋಗುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಗಿಡ ಸತ್ತಿದೆಯಾ ಇಲ್ಲವಾ ನೋಡಿ. ಒಣಗಿದ ಟೊಂಗೆಯ ತುದಿಯಿಂದ ಸುರು ಮಾಡಿ ಉಗುರಿನಿಂದ ಸಿಪ್ಪೆ ಕೆರೆಯುತ್ತಾ ಕೆಳಗೆ ಬನ್ನಿ. ತುದಿಯಲ್ಲಿ ಒಳಗೂ ಕಂದು ಇರುತ್ತದೆ. ಒಂದು ಗೇಣು, ಎರಡು ಗೇಣು ಇಳಿದ ಮೇಲೆ ಸಿಪ್ಪೆಯ ಕೆಳಗೆ ಹಸಿರು ಕಾಣುತ್ತದೆ, ಬೆರಳಿಗೆ ಪಸೆ ಹತ್ತುತ್ತದೆ. ಅಲ್ಲಿಂದ ಕೆಳಗೆ ಗಿಡ ಜೀವಂತ ಇದೆ. ಈಗ ಆ ಒಣ ಕಡ್ಡಿಯನ್ನೇ ಬಿಸಿಲಿಗೆ ಹಿಡಿದು ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಸಿಪ್ಪೆಯಿಂದ ಎದ್ದಿದ್ದರೆ ಅದು ಶಿಲೀಂಧ್ರ. ಫೋಮಾಪ್ಸಿಸ್ ಅಜಾಡಿರಾಕ್ಟೆ ಅಂತ ಅದರ ಹೆಸರು, 1997ರಲ್ಲೇ ದಾಖಲಾಗಿದೆ. ಮಳೆ ಹನಿ ಸಿಡಿದಾಗ ಆ ಚುಕ್ಕೆಗಳಿಂದ ಬೀಜಕಣಗಳು ಹಾರಿ ಬೇರೆ ಟೊಂಗೆಗೆ ಹೋಗುತ್ತವೆ. ಅದಕ್ಕೇ ಮಳೆ ಹಿಡಿದ ಮೇಲೆ ರೋಗ ಏರುತ್ತಾ ಹೋಗಿ, ಮಳೆಗಾಲ ಮುಗಿಯುವಾಗ ಮತ್ತು ಚಳಿ ಬೀಳುವಾಗ ಕಣ್ಣಿಗೆ ಹೊಡೆಯುತ್ತದೆ.

ಕಹಿ ಬೇವಿಗೆ ಹುಳ ಹೇಗೆ ಹತ್ತುತ್ತದೆ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಹುಳಗಳನ್ನು ಓಡಿಸುವ ಅಜಾಡಿರಾಕ್ಟಿನ್ ಅನ್ನುವ ಅಂಶ ಹೆಚ್ಚಾಗಿ ಇರುವುದು ಬೀಜದಲ್ಲಿ. ಎಳೆ ಚಿಗುರಿನ ರಸ ಹೀರುವ ಕೀಟಕ್ಕೆ ಅದರಿಂದ ಪೂರ್ತಿ ತಡೆ ಇಲ್ಲ. ಇಲ್ಲಿ ಬರುವುದು ಟೀ ಸೊಳ್ಳೆ. ಸೊಳ್ಳೆ ಅನ್ನುತ್ತಾರೆ ಅಷ್ಟೇ, ಅದು ತಿಗಣೆ ಜಾತಿಯದು. ಕರಾವಳಿಯ ಗೋಡಂಬಿ ತೋಟದವರಿಗೆ ಅದು ಹಳೇ ವೈರಿ. ಪೇರಲಕ್ಕೂ ಬರುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಎಳೆ ಚಿಗುರು ನೋಡಿ: ತೆಳ್ಳನೆ ಮೈ, ಮೈಗಿಂತ ಉದ್ದ ಮೀಸೆ, ಬೆನ್ನ ಮೇಲೆ ಗುಂಡುಸೂಜಿ ಚುಚ್ಚಿಟ್ಟಂಥ ಒಂದು ಸಣ್ಣ ಕಡ್ಡಿ. ಆ ಕಡ್ಡಿ ಕಂಡರೆ ಸಂಶಯವೇ ಬೇಡ. ಇದು ಚುಚ್ಚಿದ ಕಡೆ ಜೊಲ್ಲಿನ ವಿಷ ಸೇರಿ ಕಂದು ಕಲೆ ಬೀಳುತ್ತದೆ, ಅಂಟು ಒಸರುತ್ತದೆ, ಚಿಗುರು ಬಾಗಿ ಒಣಗುತ್ತದೆ. ಮೊಟ್ಟೆಯನ್ನು ಎಳೆ ಕಾಂಡದ ಒಳಗೇ ತುರುಕುತ್ತದೆ. ಹೊರಗೆ ಕೂದಲಿನಂಥ ಎರಡು ಎಳೆ ಮಾತ್ರ ಕಾಣುತ್ತವೆ. ಭೂತಗನ್ನಡಿ ಇದ್ದರೆ ಮಕ್ಕಳಿಗೂ ತೋರಿಸಿ.

ಹೀಗೆ ಚುಚ್ಚಿದ ಚಿಗುರು, ಮೇಲೆ ಶಿಲೀಂಧ್ರ. ಎರಡೂ ಒಂದೇ ಹಂಗಾಮಿನಲ್ಲಿ ಕೂಡಿ ಬಂದಾಗ ಗಿಡದ ನೆತ್ತಿ ಪೂರ್ತಿ ಕೆಟ್ಟು ಕಾಣುತ್ತದೆ. 2021ರಲ್ಲಿ ಪಕ್ಕದ ತೆಲಂಗಾಣದಲ್ಲಿ ಎಲ್ಲಿ ನೋಡಿದರಲ್ಲಿ ಬೇವು ಹೀಗೆ ಒಣಗಿ ದೊಡ್ಡ ಸುದ್ದಿಯಾಗಿತ್ತು. ಆಗಲೂ ಮೊಬೈಲ್ ಟವರಿನಿಂದ, ಕೆಟ್ಟ ಗಾಳಿಯಿಂದ ಅಂತ ಜನ ಏನೇನೋ ಹೇಳಿದರು. ಬೇಸಿಗೆ ಚಿಗುರಿಗೆ ಬಹಳಷ್ಟು ಗಿಡ ಮತ್ತೆ ಹಸಿರಾದವು.

ಕೀಟ ಮತ್ತು ಶಿಲೀಂಧ್ರ ಕೂಡಿ ಮರ ಕೆಡಿಸುವುದು ಬೇರೆ ದೇಶದಲ್ಲೂ ಇದೆ. ಇದನ್ನೆಲ್ಲ ಓದುವಾಗ ನನಗೆ ಬೀಚ್ ಅನ್ನುವ, ಯುರೋಪ್ ಮತ್ತು ಅಮೆರಿಕದ ಕಾಡುಗಳ ದೊಡ್ಡ ಮರದ ವಿಷಯ ಸಿಕ್ಕಿತು. ಹಿಟ್ಟು ತಿಗಣೆಯ ಬಳಗದ ಒಂದು ಪುಟ್ಟ ಕೀಟ ಯುರೋಪಿನಿಂದ ಸಸಿಗಳ ಜೊತೆ 1890ರ ಸುಮಾರಿಗೆ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಬಂತು. ಅದು ಬೀಚ್ ಮರದ ತೊಗಟೆಗೆ ಕಚ್ಚಿಕೊಂಡು ರಸ ಹೀರುತ್ತದೆ, ಮೇಲೆ ಬಿಳಿ ಮೇಣ ಹೊದ್ದುಕೊಂಡಿರುತ್ತದೆ. ಅದು ಮಾಡಿದ ಗಾಯದಲ್ಲಿ ನಿಯೊನೆಕ್ಟ್ರಿಯಾ ಅನ್ನುವ ಶಿಲೀಂಧ್ರ ಹೊಕ್ಕು ತೊಗಟೆಯನ್ನೇ ಸಾಯಿಸುತ್ತದೆ. ಅಲ್ಲಿಂದ ಅಮೆರಿಕದ ಕಾಡುಗಳಿಗೂ ಹಬ್ಬಿ ಲೆಕ್ಕವಿಲ್ಲದಷ್ಟು ದೊಡ್ಡ ಮರಗಳು ಹೋದವು. ಅಲ್ಲಿ ಪೆಟ್ಟು ಬಿದ್ದಿದ್ದು ಕಾಂಡಕ್ಕೆ. ಕಾಂಡದ ಸುತ್ತ ತೊಗಟೆ ಸತ್ತರೆ ಮರಕ್ಕೆ ದಾರಿ ಇಲ್ಲ. ನಮ್ಮ ಬೇವಿಗೆ ಪೆಟ್ಟು ಬೀಳುವುದು ತುದಿಗೆ. ಕಾಂಡ, ಬೇರು ನೆಟ್ಟಗಿರುವ ತನಕ ಅದು ಮತ್ತೆ ಚಿಗುರುತ್ತದೆ. ಇಷ್ಟು ವ್ಯತ್ಯಾಸ ತಿಳಿದರೆ ಕೊಡಲಿ ಕೆಳಗಿಡಬಹುದು ಅಲ್ವಾ?

ಆ ಬೀಚ್ ಕಾಡು ನೋಡಿಕೊಳ್ಳುವವರು ಇನ್ನೊಂದು ಮಾತು ಹೇಳುತ್ತಾರೆ. ರೋಗ ಬಂದ ಕಾಡಿನಲ್ಲೂ ನೂರಕ್ಕೆ ಒಂದರಷ್ಟು ಬೀಚ್ ಮರಗಳ ತೊಗಟೆ ನುಣ್ಣಗೇ ಉಳಿಯುತ್ತದೆ, ಆ ಕೀಟ ಅವುಗಳ ಮೇಲೆ ನಿಲ್ಲುವುದೇ ಇಲ್ಲ. ಹೆದರಿ ಎಲ್ಲಾ ಮರ ಕಡಿದರೆ ಅವೂ ಹೋಗುತ್ತವೆ. ಆದ್ದರಿಂದ ಅವನ್ನು ಗುರುತು ಮಾಡಿ ಉಳಿಸುತ್ತಾರೆ. ನಿಮ್ಮ ಬದುವಿನಲ್ಲೂ ನೋಡಿ. ಸಾಲಿನಲ್ಲಿ ಒಂದಾದರೂ ಗಿಡ ಉಳಿದವುಗಳಿಗಿಂತ ಹಸಿರಾಗಿ ನಿಂತಿರುತ್ತದೆ. ಅದಕ್ಕೆ ಸುಣ್ಣದ ಪಟ್ಟಿ ಬಳಿದಿಡಿ.

ಈಗ ಔಷಧದ ಮಾತು. ದೊಡ್ಡ ಗಿಡಕ್ಕೆ ಹೊಡೆಯುವುದು ನನಗೆ ಒಪ್ಪಿಗೆ ಇಲ್ಲ. ಬೆನ್ನಿಗೆ ಹಾಕುವ ಪಂಪಿನ ನೀರು ನೆತ್ತಿಗೆ ಮುಟ್ಟುವುದಿಲ್ಲ, ಹೊಡೆದವರ ಮುಖದ ಮೇಲೇ ಬೀಳುತ್ತದೆ. ಅದೇ ತೊಪ್ಪಲನ್ನು ಆಡು ತಿನ್ನುತ್ತವೆ, ಹೂವಿಗೆ ಜೇನು ಬರುತ್ತದೆ, ಕೆಳಗೆ ಬಾವಿಯೂ ಇರಬಹುದು. ಎರಡು ಮೂರು ವರ್ಷದ ಸಸಿಗಳಾದರೆ ಮಾತು ಬೇರೆ. ಅವುಗಳ ಒಣ ತುದಿಯನ್ನು, ಹಸಿರು ಸಿಕ್ಕಿದ ಮೇಲೂ ಒಂದು ಗೇಣು ಕೆಳಗೆ, ಮಳೆ ಇಲ್ಲದ ದಿನ ಕತ್ತರಿಸಿ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ತಾಮ್ರದ ಶಿಲೀಂಧ್ರನಾಶಕದ ಪೇಸ್ಟ್ ಹಚ್ಚಿ. ಕತ್ತರಿಸಿದ್ದನ್ನು ಬದುವಿನಲ್ಲೇ ಬಿಡದೆ ದೂರ ಒಯ್ದು ಸುಡಿ. ಆಮೇಲೆ ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ (ಇದೂ ಶಿಲೀಂಧ್ರನಾಶಕವೇ) ಕಲಸಿ ಹೊಡೆಯಬಹುದು. ಮೂರು ಡಬ್ಬಿ ಕೊಳ್ಳುವ ಮುಂಚೆ ಒಣಗಿದ ಒಂದು ಟೊಂಗೆ ತಗೊಂಡು ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಮಾತಿನಲ್ಲಿ ಹೇಳುವುದಕ್ಕಿಂತ ಟೊಂಗೆ ನೋಡಿದರೆ ಅವರಿಗೂ ಹೇಳಲು ಸುಲಭ.

ನಮ್ಮ ಕಡೆ ಬೇವನ್ನು ನಿಜವಾಗಿ ಕೊಲ್ಲುತ್ತಿರುವುದು ಬೇರೆ. ಕಬ್ಬು ಕಡಿದ ಮೇಲೆ ಉಳಿದ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಇಡುತ್ತೇವೆ. ಬದುವಿನ ಗಿಡದ ಬುಡ ಪ್ರತಿ ವರ್ಷ ಒಂದೇ ಕಡೆ ಸುಡುತ್ತದೆ, ತೊಗಟೆ ಸೀಳುತ್ತದೆ, ಆ ಸೀಳಿನಲ್ಲಿ ಕೊಳೆ ಹೊಗುತ್ತದೆ. ಜೆಸಿಬಿ ತಂದು ಬದು ಸರಿ ಮಾಡುವಾಗ ಒಂದು ಮಗ್ಗಲಿನ ಬೇರು ಪೂರ್ತಿ ಕಿತ್ತು ಹೋಗುತ್ತದೆ. ಆಡಿಗೆ ಅಂತ ವರ್ಷಕ್ಕೆ ಎರಡು ಸಲ ನೆತ್ತಿ ಸವರುತ್ತೇವೆ, ಮತ್ತೆ ಬರುವ ಎಳೆ ಚಿಗುರೇ ಆ ಸೊಳ್ಳೆಗೆ ಊಟ. ಇದನ್ನೆಲ್ಲ ನಿಲ್ಲಿಸಿದರೆ ಅರ್ಧ ಔಷಧ ಮಾಡಿದ ಹಾಗೆ. ಬುಡದ ಸುತ್ತ ಎರಡು ಮಾರು ದೂರದ ತನಕ ರವದಿಯನ್ನು ಆಚೆಗೆ ಎಳೆದು ಹಾಕಿ, ಅಲ್ಲಿಗೆ ಬೆಂಕಿ ಬರದ ಹಾಗೆ ನೋಡಿಕೊಳ್ಳಿ. ಗೆದ್ದಲು ಕಂಡರೆ ಗಾಬರಿ ಬೇಡ, ಸಾಮಾನ್ಯವಾಗಿ ಅದು ತಿನ್ನುವುದು ಹೊರಗಿನ ಸತ್ತ ತೊಗಟೆಯನ್ನು.

ಕಡಿಯಬೇಕಾದ ಗಿಡವೂ ಇರುತ್ತದೆ. ಬುಡದಲ್ಲಿ ಗಟ್ಟಿ ಅಣಬೆ ತಟ್ಟೆಯಂತೆ ಚಾಚಿದ್ದರೆ, ಕಾಂಡ ಬಡಿದಾಗ ಟೊಳ್ಳು ಸದ್ದು ಬಂದರೆ, ಯುಗಾದಿ ಕಳೆದು ಒಂದು ತಿಂಗಳಾದರೂ ಎಲ್ಲೂ ಚಿಗುರು ಒಡೆಯದೆ ಕಾಂಡ ಕೆರೆದರೂ ಹಸಿರು ಸಿಗದಿದ್ದರೆ, ಅಲ್ಲಿ ಪೆಟ್ಟು ಬಿದ್ದಿರುವುದು ತುದಿಗಲ್ಲ, ಕಾಂಡಕ್ಕೋ ಬೇರಿಗೋ. ದಾರಿ ಮೇಲೆ, ಮನೆ ಮೇಲೆ ಬೀಳುವಂತಿದ್ದರೆ ಕಡಿಸಿ.

ಸುಣ್ಣ ಬಳಿದ ಆ ಹಸಿರು ಗಿಡದ ಕೆಳಗೆ ಜೂನ್ ಸುಮಾರಿಗೆ ಹಣ್ಣು ಬೀಳುತ್ತವೆ. ಕಲೆ ಇಲ್ಲದ ಹಳದಿ ಹಣ್ಣು ಮಾತ್ರ ಆರಿಸಿ, ಯಾಕೆಂದರೆ ಈ ಶಿಲೀಂಧ್ರ ಬೀಜದ ಜೊತೆಗೂ ಸಾಗುತ್ತದೆ. ತಿರುಳು ತೊಳೆದು ನೆರಳಲ್ಲಿ ಆರಿಸಿ ಎರಡು ವಾರದೊಳಗೆ ಮಣ್ಣಿಗೆ ಹಾಕಿ, ತಡ ಮಾಡಿದರೆ ಮೊಳೆಯುವುದಿಲ್ಲ. ಉಗುರಿನಿಂದ ಕೆರೆದಾಗ ಏನು ಕಂಡಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಫೋಟೋ ಇದ್ದರೆ ಹಾಕಿ.