ಬರಹಗಾರರಿಗೆ ಸಲಹೆ: ತೂಕದ ಲೆಕ್ಕ ಹಾಕಿ ಮತ್ತೆ ಕಳಿಸಿ

ಬ್ಯಾಡಗಿಯಿಂದ ಬರೆದ ಸಹೋದರಿಗೆ ಧಾರವಾಡದಿಂದ ನಮಸ್ಕಾರ.

ಪ್ರತಿಕಾಯ (ಆಂಟಿಬಾಡಿ, ಅಂದರೆ ನಿರ್ದಿಷ್ಟ ಅಣುವನ್ನೇ ಹಿಡಿಯುವ ಪ್ರೋಟೀನ್) ಲೇಪಿಸಿದ ಧ್ವನಿತರಂಗ ಸಂವೇದಕಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಕಂಪಿಸುವ ಸ್ಫಟಿಕದ ಮೇಲಿನ ಪ್ರತಿಕಾಯ ಅಣುವನ್ನು ಹಿಡಿದಾಗ ತೂಕ ಏರಿ ಕಂಪನದ ಆವರ್ತನ ಇಳಿಯುತ್ತದೆ, ಆ ಇಳಿತವನ್ನೇ ಇವು ಅಳೆಯುತ್ತವೆ. ಈಗಿರುವಂತೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ, ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳುವವರು ಬೇಕು.

ಮೊದಲು ದೊಡ್ಡ ತಪ್ಪು. ಮೆಣಸಿನಕಾಯಿ ಚೀಲದ ಪಕ್ಕ ಹಿಡಿದರೆ ಸಾಧನ ಅಫ್ಲಾಟಾಕ್ಸಿನ್ (ಬೂಷ್ಟು ಹುಟ್ಟಿಸುವ ವಿಷ) ಮೂಸಿ ಹೇಳುತ್ತದೆ ಎಂದಿದ್ದೀರಿ. ಹೇಳುವುದಿಲ್ಲ. ಆ ವಿಷ ಆವಿಯಾಗುವಂಥದ್ದಲ್ಲ, ಕಾಯಿಯಲ್ಲೇ ಉಳಿಯುತ್ತದೆ. ಗಾಳಿಗೆ ಬಾರದ್ದನ್ನು ಯಾವ ಪ್ರತಿಕಾಯವೂ ಹಿಡಿಯಲಾರದು. ಮಾರುಕಟ್ಟೆಯಲ್ಲಿ ಬರುವ ಸೀನನ್ನು ಪುರಾವೆಯಾಗಿ ಕೊಟ್ಟಿದ್ದೀರಲ್ಲ, ಆ ಘಾಟು ಬಹುಪಾಲು ತೇಲುವ ಸಣ್ಣ ಪುಡಿಯದು. ಪುಡಿ ಸಂವೇದಕದ ಮೇಲೆ ಕೂತರೆ ಅದೂ ತೂಕವೆಂದೇ ದಾಖಲಾಗುತ್ತದೆ, ಅದಕ್ಕೇ ಗಾಳಿ ಒಳಬರುವಲ್ಲಿ ಫಿಲ್ಟರ್ ಬೇಕು. ಅಫ್ಲಾಟಾಕ್ಸಿನ್ನೇ ನಿಮ್ಮ ಗುರಿಯಾದರೆ ಕಾಯಿ ಅರೆದು, ನೀರು ಬೆರೆಸಿದ ಮೆಥನಾಲ್‌ನಲ್ಲಿ ಅದನ್ನು ಇಳಿಸಿ, ದ್ರವದಲ್ಲೇ ಅಳೆಯಬೇಕು. ಅಲ್ಲಿ ನೀವು ವಿವರಿಸಿದ ರೇಲೀ ತರಂಗ, ಅಂದರೆ ಸ್ಫಟಿಕದ ಮೇಲ್ಮೈಯಲ್ಲಿ ಸಾಗುವ ಅಲೆ, ನಡೆಯದು. ಅದು ಮೇಲ್ಮೈಯನ್ನು ಮೇಲೆ ಕೆಳಗೆ ಅಲುಗಿಸುವುದರಿಂದ ಶಕ್ತಿಯೆಲ್ಲ ದ್ರವಕ್ಕೆ ಸೋರಿಹೋಗುತ್ತದೆ. ಅಡ್ಡಡ್ಡ ಜಾರುವ ಕಂಪನದ ಸ್ಫಟಿಕ ಬೇಕು.

ನಮ್ಮ ಸಲಹೆ: ಆವಿಯನ್ನೇ ಹಿಡಿದು ಬರೆಯಿರಿ, ಉದಾಹರಣೆಗೆ ಟಿಎನ್‌ಟಿ ಸ್ಫೋಟಕ ತೆಗೆದುಕೊಳ್ಳಿ.

‘10 ಮೆಗಾಹರ್ಟ್ಜ್ ಸ್ಫಟಿಕ ಸಾಕು’ ಎಂಬ ನಿಮ್ಮ ಸಾಲನ್ನು ಲೆಕ್ಕಕ್ಕೆ ಹಚ್ಚಿ ನೋಡಿ. ಪ್ರತಿಕಾಯದ ಅಣುತೂಕ ಸುಮಾರು 1,50,000, ಟಿಎನ್‌ಟಿಯದು 227. ಒಂದು ಪ್ರತಿಕಾಯಕ್ಕೆ ಅಣು ಹಿಡಿಯುವ ಎರಡು ಹಿಡಿಕೆ. ಎರಡೂ ತುಂಬಿದರೂ ಏರುವ ತೂಕ ಶೇ. 0.3, ಅಂದರೆ 40 ಕಿಲೊ ಚೀಲಕ್ಕೆ 120 ಗ್ರಾಂ ಸೇರಿದಂತೆ. ಚದರ ಸೆಂಟಿಮೀಟರಿಗೆ 300 ನ್ಯಾನೊಗ್ರಾಂ ಪ್ರತಿಕಾಯ ಕೂರಿಸಿದಿರಿ ಎನ್ನೋಣ. ಅದಕ್ಕೆ ಸಿಗುವ ಟಿಎನ್‌ಟಿ ಹೆಚ್ಚೆಂದರೆ 0.9 ನ್ಯಾನೊಗ್ರಾಂ. ತೂಕಕ್ಕೂ ಆವರ್ತನದ ಇಳಿತಕ್ಕೂ ಇರುವ ನಂಟಿಗೆ ಜರ್ಮನಿಯ ಭೌತವಿಜ್ಞಾನಿ ಸೌರ್‌ಬ್ರೇ 1959ರಲ್ಲಿ ಕೊಟ್ಟ ಸೂತ್ರದಂತೆ 10 ಮೆಗಾಹರ್ಟ್ಜ್ ಸ್ಫಟಿಕ ಒಂದು ಹರ್ಟ್ಜ್ ಇಳಿಯಲು 4.4 ನ್ಯಾನೊಗ್ರಾಂ ಬೇಕು. ನಿಮಗೆ ಸಿಗುವುದು 0.2 ಹರ್ಟ್ಜ್, ಅದು ಉಪಕರಣದ ಸಹಜ ಏರಿಳಿತದಲ್ಲೇ ಮುಳುಗುತ್ತದೆ. ಅದೇ ತೂಕಕ್ಕೆ 250 ಮೆಗಾಹರ್ಟ್ಜ್‌ನ ಮೇಲ್ಮೈ ತರಂಗ ಸಾಧನ 70 ಹರ್ಟ್ಜ್ ಆಸುಪಾಸು ಇಳಿಯುತ್ತದೆ, ಏಕೆಂದರೆ ಸ್ಪಂದನೆ ಏರುವುದು ಆವರ್ತನದ ವರ್ಗದಂತೆ. ಈ ಒಂದು ಪ್ಯಾರಾ ಇದ್ದಿದ್ದರೆ ನಿಮ್ಮ ಲೇಖನದ ಅರ್ಧ ದೋಷ ಹೋಗುತ್ತಿತ್ತು.

ನೀರಿನ ಮಾತನ್ನು ನೀವು ಎತ್ತಿಯೇ ಇಲ್ಲ. ಪ್ರತಿಕಾಯ ಪೂರ್ತಿ ಒಣಗಿದರೆ ಆಕಾರ ಕೆಟ್ಟು ಹಿಡಿತ ಕಳೆದುಕೊಳ್ಳುತ್ತದೆ, ಹಾಗಾಗಿ ನೀರು ಹಿಡಿದಿಡುವ ತೆಳು ಹೈಡ್ರೊಜೆಲ್ ಹೊದಿಸಿ ತೇವ ಉಳಿಸುತ್ತಾರೆ. ತೊಂದರೆಯೂ ಅಲ್ಲೇ ಹುಟ್ಟುತ್ತದೆ. ಗಾಳಿಯ ತೇವಾಂಶ ಶೇ. 10 ಏರಿಳಿದರೂ ಆ ಪದರ ಹಲವು ನ್ಯಾನೊಗ್ರಾಂ ನೀರು ಹೀರುತ್ತದೆ ಇಲ್ಲವೇ ಬಿಡುತ್ತದೆ, ಟಿಎನ್‌ಟಿಯ ಗುರುತು ಅದರಡಿ ಮುಚ್ಚಿಹೋಗುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಅಳತೆಗೆ ಸರಿಹೊಂದಿಸಿದ ಸಾಧನ ಜುಲೈ ಜಿಟಿಜಿಟಿಯಲ್ಲಿ ಸುಳ್ಳು ಕೂಗು ಹಾಕುತ್ತದೆ. ಅದಕ್ಕಾಗಿ ಎರಡು ಸಾಧನ ಜೋಡಿಸಬೇಕು: ಒಂದಕ್ಕೆ ಟಿಎನ್‌ಟಿ ಪ್ರತಿಕಾಯ, ಇನ್ನೊಂದಕ್ಕೆ ಸಂಬಂಧವಿಲ್ಲದ ಬೇರೊಂದು ಪ್ರತಿಕಾಯ, ಎರಡಕ್ಕೂ ಅದೇ ಗಾಳಿ, ಅದೇ ಉಷ್ಣತೆ. ಎರಡರ ವ್ಯತ್ಯಾಸವೇ ಉತ್ತರ. ಅಮೆರಿಕದ ಜಾರ್ಜಿಯಾ ಟೆಕ್‌ನವರು ಕೊಕೇನ್ ಆವಿಗೆ ಈ ಜೋಡಿ ಕ್ರಮ ಬಳಸಿದ್ದಾರೆ. ಸೌರ್‌ಬ್ರೇ ಸೂತ್ರ ಗಟ್ಟಿ ಪದರಕ್ಕೆ ಮಾತ್ರ ಸರಿಹೋಗುತ್ತದೆ ಎಂಬುದನ್ನೂ ಇಲ್ಲೇ ಹೇಳಿ. ಮೆತ್ತನೆಯ ಜೆಲ್‌ನಲ್ಲಿ ಬಿಗಿತ ಬದಲಾದರೂ ಆವರ್ತನ ಸರಿಯುತ್ತದೆ.

ಲೇಪದ ಕ್ರಮವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಓದುಗರು ಕಾಯುವುದು ಅದನ್ನೇ. ಚಿನ್ನದ ಮೇಲ್ಮೈ ಶುಚಿಮಾಡಿ, ಥಯಾಲ್ (ಚಿನ್ನಕ್ಕೆ ಅಂಟುವ ಗಂಧಕದ ಸಂಯುಕ್ತ) ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ, ಅದರ ಮೇಲೆ ಪ್ರೋಟೀನ್ ಎ ಕಟ್ಟಿ, ಆಮೇಲೆ ಪ್ರತಿಕಾಯ. ಪ್ರೋಟೀನ್ ಎ ಪ್ರತಿಕಾಯದ ಬಾಲ ಹಿಡಿಯುವುದರಿಂದ ಹಿಡಿಕೆಗಳು ಹೊರಮುಖವಾಗಿ ನಿಲ್ಲುತ್ತವೆ. ಖಾಲಿ ಜಾಗಕ್ಕೆ ಆಲ್ಬುಮಿನ್ ಎಂಬ ಪ್ರೋಟೀನ್ ತುಂಬಬೇಕು. ಕೊನೆಗೆ ಶುದ್ಧ ನೀರಿನಲ್ಲಿ ತೊಳೆಯದಿದ್ದರೆ ಬಫರ್ ದ್ರಾವಣದ ಉಪ್ಪು ಒಣಗಿ ಉಳಿದು ತೇವ ಎಳೆಯುತ್ತದೆ.

‘ನಾಯಿಯ ಮೂಗನ್ನು ಮೀರಿಸುತ್ತದೆ’ ಎಂಬುದನ್ನು ತೆಗೆಯಿರಿ, ಅದಕ್ಕೆ ನಿಮ್ಮಲ್ಲಿ ಅಳತೆಯಿಲ್ಲ. ‘ಎಷ್ಟು ಸಲ ಬೇಕಾದರೂ ಬಳಸಬಹುದು’ ಎಂಬುದೂ ಬೇಡ. ಬಿಗಿಯಾಗಿ ಹಿಡಿದದ್ದನ್ನು ಪ್ರತಿಕಾಯ ಬೇಗ ಬಿಡುವುದಿಲ್ಲ.

ತಿದ್ದಿದ ಪ್ರತಿಯ ಜೊತೆ ಜೋಡಿ ಸಾಧನದ ಚಿತ್ರ ಕೈಯಲ್ಲೇ ಬರೆದು ಕಳಿಸಿ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಬಾಣದ ಗುರುತು ಇರಲಿ.