ಆ ಹಿಂದಿನ ಹುಡುಗನನ್ನು ಯಾಕೆ ಬಿಟ್ಟಿರಿ?

ನಮಸ್ಕಾರ.

ಫಿನ್‌ಲೆಂಡಿನ ಹ್ಯೂಗೊ ಸಿಂಬರ್ಗ್ 1903ರಲ್ಲಿ ಬರೆದ ‘ಗಾಯಗೊಂಡ ದೇವದೂತೆ’ ಚಿತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಗಾಯಗೊಂಡ ದೇವದೂತೆಯನ್ನು ಇಬ್ಬರು ಹುಡುಗರು ಸ್ಟ್ರೆಚರಿನಲ್ಲಿ ಕೂರಿಸಿ, ಹಿಂದೊಬ್ಬ ಮುಂದೊಬ್ಬ ಹೊತ್ತು ನಡೆಯುವ ಚಿತ್ರ ಅದು. ಭಾಷೆ ಸಲೀಸಾಗಿದೆ, ಆಯ್ಕೆಯೂ ಒಳ್ಳೆಯದು. ಆದರೆ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು. ಈ ಚಿತ್ರ ನನಗೆ ತುಂಬ ಇಷ್ಟ, ಅದಕ್ಕೇ.

‘ಬಿಳಿ ಉಡುಪು ಪಾವಿತ್ರ್ಯದ ಸಂಕೇತ’ ಅಂತ ಬರೆದಿದ್ದೀರಿ. ಆ ಬಿಳಿ ಅಷ್ಟು ಕಣ್ಣಿಗೆ ಹೊಡೆಯುವುದು ಯಾಕೆ? ಮುಂದಿನ ಹುಡುಗನ ಟೋಪಿ, ಬಟ್ಟೆ ಎಲ್ಲ ಕಪ್ಪು. ಹೆಣಕ್ಕೆ ಹೆಗಲು ಕೊಟ್ಟವನ ಹಾಗೆ ನಡೆಯುತ್ತಿದ್ದಾನೆ. ಅವನನ್ನು ನೋಡದೆ ಬಿಳಿಯ ಮಾತು ಆಡುವಂತಿಲ್ಲ.

‘ಕಣ್ಣಿನ ಪಟ್ಟಿ ಮನುಕುಲದ ಕುರುಡುತನದ ಸಂಕೇತ.’ ಮನುಕುಲ ಆಮೇಲೆ ಬರಲಿ. ಅಲ್ಲಿರುವುದು ಗಾಯದ ಪಟ್ಟಿ. ರೆಕ್ಕೆಯಲ್ಲಿ ರಕ್ತದ ಕಲೆ ಇದೆ, ತಲೆ ಬಾಗಿದೆ. ಎಲ್ಲಿಗೆ ಹೊರಟಿದ್ದೇನೆಂದು ಅವಳಿಗೆ ಕಾಣುತ್ತಿಲ್ಲ, ಅಲ್ವಾ? ನನಗೆ ಕರುಳು ಚುರುಕ್ ಅನ್ನುವುದು ಅಲ್ಲಿ.

‘ಕೈಯಲ್ಲಿನ ಹೂ ಭರವಸೆಯ ಸಂಕೇತ.’ ಯಾವ ಹೂ? ಸ್ನೋಡ್ರಾಪ್. ಚಳಿಗಾಲ ಮುಗಿಯುವಾಗ ಎಲ್ಲಕ್ಕಿಂತ ಮುಂಚೆ ಅರಳುವ ಹೂಗಳಲ್ಲಿ ಒಂದು. ಸಿಂಬರ್ಗ್ ಕೂಡ ಆಗ ದೊಡ್ಡ ಕಾಯಿಲೆಯಿಂದ ಎದ್ದು ಬಂದಿದ್ದರು. ಇಷ್ಟು ಹೇಳಿದ್ದರೆ ಭರವಸೆ ಅನ್ನುವ ಮಾತೇ ಬೇಕಿರಲಿಲ್ಲ.

ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಚಿತ್ರದ ಪ್ರಿಂಟೊಂದನ್ನು ಮೇಜಿನ ಮೇಲಿಟ್ಟು, ‘ಏನಿದೆ ಹೇಳು, ಏನನಿಸ್ತು ಅನ್ನೋದು ಆಮೇಲೆ’ ಅನ್ನುತ್ತಿದ್ದರು. ಬೆರಳು, ಬಟ್ಟೆಯ ಅಂಚು, ನೆರಳು ಯಾವ ಕಡೆಗೆ ಎಲ್ಲ ಹೇಳಬೇಕಿತ್ತು. ಸಂಜೆ ಕಚೇರಿ ಖಾಲಿಯಾದರೂ ಬಿಡುತ್ತಿರಲಿಲ್ಲ. ನೋಡುವುದು ಅಂದರೇನೆಂದು ನನಗೆ ಗೊತ್ತಾಗಿದ್ದು ಆ ಮೇಜಿನ ಮುಂದೆ.

ನಿಮ್ಮ ಲೇಖನದಲ್ಲಿ ಸ್ಟ್ರೆಚರಿನ ಹಿಂದಿನ ತುದಿ ಹಿಡಿದ ಹುಡುಗನೇ ಇಲ್ಲ! ಚಿತ್ರದಲ್ಲಿ ನಮ್ಮನ್ನು ನೇರವಾಗಿ ನೋಡುವವನು ಅವನೊಬ್ಬನೇ. ಆ ನೋಟದಲ್ಲಿ ಅಳು ಇಲ್ಲ, ಮುನಿಸಿದೆ. ಇದಕ್ಕೆ ನೀವೇ ಕಾರಣ ಅಂದಂತೆ ನೋಡುತ್ತಾನೆ. ‘ಚಿತ್ರದ ತುಂಬ ದುಃಖ ಆವರಿಸಿದೆ’ ಎಂಬ ನಿಮ್ಮ ಕೊನೆಯ ಸಾಲು ಅವನ ಮುಂದೆ ನಿಲ್ಲುವುದಿಲ್ಲ.

ಸಿಂಬರ್ಗ್ ಈ ಚಿತ್ರಕ್ಕೆ ಅರ್ಥ ಹೇಳಲು ಒಪ್ಪಲಿಲ್ಲ. ಮುಂದೆ ಟಾಂಪೆರೆ ಊರಿನ ಕೆಥೆಡ್ರಲ್ ಗೋಡೆಯ ಮೇಲೆ ಇದನ್ನೇ ಮತ್ತೆ ಬರೆದಾಗ ಹಿನ್ನೆಲೆಗೆ ಕಾರ್ಖಾನೆಯ ಚಿಮಣಿಗಳನ್ನು ತಂದರು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಚಿಮಣಿ ಬಂದ ಮೇಲೆ ಹುಡುಗನ ಮುನಿಸು ಬೇರೆ ಥರ ಕಾಣುತ್ತದಾ? ಅದನ್ನು ಬರೆದು ಕಳಿಸಿ. ಖಂಡಿತ ಓದುತ್ತೇನೆ.